ಮಿಷಿನ್ನಿಗಿ ಇನ್ನಾ ಏಳು ವರ್ಷ

ಹಸನಸಾಬ ಸ್ಕ್ರೂಡ್ರೈವರಿನ ಹಿಡಿಕಿ ತನ್ನ ಕಿವಿಗಿ ಒತ್ತಿಕೊಂಡು, ತುದಿ ಶಾಂತಪ್ಪನ ಎಡ ಹೆಗಲಿನ ಕೆಳಗ ಉಬ್ಬಿದ ಜಾಗಕ್ಕ ಇಟ್ಟ. ಸುರಪುರದಾಗ ಸುಟ್ಟ ಮೋಟಾರಿಗಿ ತಾಮ್ರದ ತಂತಿ ಸುತ್ತೋ ಅಂಗಡಿ ಅವಂದು. ಬೇರಿಂಗ್ ಹೋಗ್ಯಾದೋ ಇಲ್ಲೋ ಅಂತ ಹಿಂಗೇ ನೋಡ್ತಿದ್ದ. ಅದೇ ಅಂಗಡ್ಯಾಗ ನಲವತ್ತು ವರ್ಷ ತಂತಿ ಸುತ್ತಿದ ಶಾಂತಪ್ಪ, ಇವತ್ತು ಮುಂಜಾನಿ ಚಹಾದ ಬಸಿ ಕೈಯಾಗ ಹಿಡಕೊಂಡೇ ತೀರಿಕೊಂಡಿದ್ದ. ಈಗ ದೇವಾಪುರದ ತನ್ನ ಮನಿ ಪಡಸಾಲ್ಯಾಗ ಹಣಿತುಂಬ ವಿಭೂತಿ ಬಡಕೊಂಡು, ಮದುಮಗನಂಗ ಕುಂತಿದ್ದ.

"ನಡದದ," ಅಂದ ಹಸನಸಾಬ. "ಟಿಕ್ ಟಿಕ್ ಅಂತ ಸಾಫ್ ಕೇಳಸ್ತದ."

ಅಂಗಳದಾಗ ಕುಂತ ಸಾವಿರ ಮಂದಿ ಒಮ್ಮಿಗೇ ಎದ್ದು ನಿಂತ್ರು. ಸಾವಿರ ಅಲ್ಲಂದ್ರೂ ನಲವತ್ತಕ್ಕ ಕಮ್ಮಿ ಇಲ್ಲ. ಭಜನಿ ನಿಂತಿತು. ಹೊಲದಾಗ ಕುಣಿ ತೋಡಾವ್ರು ಸುದ್ದಿ ಕೇಳಿ ಗುದ್ದಲಿ ಒಗದು ಓಡಿ ಬಂದ್ರು.

ಶಾಂತಪ್ಪನ ಹೇಂತಿ ಗೊಲ್ಲಾಳಮ್ಮ ಮುಂಜಾನಿಯಿಂದ ಹೊಸ್ತಿಲಿಗಿ ಅಡ್ಡ ಕುಂತಿದ್ಲು. ಹೊತ್ತು ಮುಣಗೂದ್ರಾಗ ಮಣ್ಣು ಕೊಡಬೇಕು ಅಂತ ಮೈದುನ ರೇವಣಸಿದ್ದ ಹತ್ತು ಸಲ ಕೈ ಮುಗದಿದ್ದ. ಆಕಿ ಸರದಿರಲಿಲ್ಲ.

"ನಾ ಏನ್ ಹೇಳ್ದೆ?" ಅಂದ್ಲು. "ಡಾಕ್ಟರ್ ಮಿಷಿನ್ನಿಗಿ ಹತ್ತು ವರ್ಷ ಅಂದಾರ, ಮೂರೇ ಆಗ್ಯಾವ. ಏಳು ವರ್ಷ ಉಳದ ಮನುಷಾನ್ನ ಹ್ಯಾಂಗ ಹೂಳ್ತೀರಿ?"

*

ಮೂರು ವರ್ಷದ ಹಿಂದ ಶಾಂತಪ್ಪ ನಿಂತಲ್ಲೇ ಕಣ್ಣುಕತ್ತಲಿ ಬಂದು ಬೀಳ್ತಿದ್ದ. ಕಲಬುರಗಿ ಡಾಕ್ಟರ್ ಚಿತ್ರ ಬರದು ತಿಳಿಸಿದ್ರು. ಹೃದಯದ ಮ್ಯಾಗಿನ ಮೂಲ್ಯಾಗ ಹುಣಸಿಬೀಜದಷ್ಟು ಜಾಗ ಅದ, ಅದು ತಾನೇ ಕರೆಂಟ್ ಹುಟ್ಟಸ್ತದ. ಆ ಕರೆಂಟ್ ಮ್ಯಾಗಿನ ಖೋಲಿ ಹಿಂಡಿ, ನಡುವ ಚೂರು ತಡದು, ಆಮ್ಯಾಲೆ ಕೆಳಗಿನ ಖೋಲಿಗಿ ಇಳೀತದ. ಇವಂದು ನಡುವೇ ಸಿಕ್ಕೊಳ್ತದ, ಅದಕ್ಕ ಪೇಸ್‌ಮೇಕರ್ ಅನ್ನೋ ಮಿಷಿನ್ ಕೂಡಸಬೇಕು ಅಂದ್ರು.

ಶಾಂತಪ್ಪ ಇದೆಲ್ಲ ತೊಟ್ಟಿಲದಾಗೇ ಕಲ್ತಾಂವನಂಗ ಮಾರಿ ಮಾಡಿ, ತಂತಿ ತಾಮ್ರದ್ದೋ ಅಲ್ಯುಮಿನಿಯಂದೋ ಅಂತ ಕೇಳಿದ. ಆಮ್ಯಾಲೆ ಸಂತ್ಯಾಗ ಸಿಕ್ಕವರಿಗೆಲ್ಲ ಅಂಗಿ ಗುಂಡಿ ಬಿಚ್ಚಿ ತೋರಿಸಿದ. ದೇವಾಪುರದ ಎಮ್ಮಿಗಳೂ ಆ ಮಿಷಿನ್ ನೋಡ್ಯಾವ. ಗೊಲ್ಲಾಳಮ್ಮ ಮಾತ್ರ ಬ್ಯಾಟರಿ ಹತ್ತು ವರ್ಷ ಅಂದ ಮಾತು ಸೆರಗಿಗಿ ಗಂಟು ಹಾಕಿಕೊಂಡ್ಲು. ಇನ್ನಾ ಹತ್ತು ವರ್ಷ ಈ ಮುದುಕನ ಗೊರಕಿ ಕೇಳಬೇಕಲ್ಲಪ್ಪ ಅಂತ ಬೈಕೋತ, ಅವತ್ತು ನಿಶ್ಚಿಂತಿ ಮಲಗಿದ್ಲು.

*

ಅದೇ ಓಣಿಯ ಪಂಚಶೀಲಾ ಸುರಪುರ ದವಾಖಾನ್ಯಾಗ ನರ್ಸು. ಆಕಿ ಡ್ಯೂಟಿ ಮುಗಿಸಿ ಬಂದಾಕಿನೇ ಹಸನಸಾಬನ ಮುಂಗೈ ಹಿಡದು ಗಡಿಯಾರ ಬಿಚ್ಚಿಸಿದ್ಲು. ಈಗ ಕೇಳ್ರಿ ಕಾಕಾ ಅಂದ್ಲು. ಹಸನಸಾಬ ಕೇಳಿದ. ಏನೂ ಇಲ್ಲ. ಕುಣಿಯವ್ರು ಹೊಲದ ಹಾದಿ ಹಿಡದ್ರು.

"ಹಂಗಾರ ಮಿಷಿನ್ ಬಂದ್ ಆಗ್ಯಾದ?" ಅಂತ ಗೊಲ್ಲಾಳಮ್ಮ ಕೇಳಿದ್ಲು.

ಪಂಚಶೀಲಾಗ ಸುಳ್ಳು ಹೇಳಾಕ ಬಾಯಿ ಬರಲಿಲ್ಲ. "ಇಲ್ಲ ಆಯಿ, ನಡದದ. ಅದು ಸಪ್ಪಳ ಮಾಡಂಗಿಲ್ಲ."

ಕುಣಿಯವ್ರು ಮತ್ತ ನಿಂತ್ರು. ಈ ಹೆಣ ಹೂಳೂದ್ರಾಗ ನಮ್ಮ ಕಾಲೇ ಸವೀತಾವ ಅಂತ ಒಬ್ಬ ಗೊಣಗಿದ.

ಪಂಚಶೀಲಾ ಮುದುಕಿ ಬಾಜೂಕ ಕುಂತ್ಲು. ಹೃದಯದಾಗ ಕೋಟಿಗಟ್ಟಲೆ ಸಣ್ಣ ಸಣ್ಣ ಜೀವ ಒಂದರ ಕೈ ಒಂದು ಹಿಡಕೊಂಡಿರ್ತಾವ, ಒಂದು ಎದ್ರ ಬಾಜೂದನ್ನ ಎಬ್ಬಸ್ತದ ಅಂತ ತಿಳಿಸಿದ್ಲು. "ಮಿಷಿನ್ ಬರೇ ಕರೀತದ, ಆಯಿ. ಅವು ಓ ಅನ್ನಬೇಕು. ಈಗ ಒಂದೂ ಅನ್ನವಲ್ದು."

"ಮಣ್ಣಾಗೂ ಕರೀತದ?"

"ಬ್ಯಾಟರಿ ಇರೂತನ ಕರೀತದ."

ಗೊಲ್ಲಾಳಮ್ಮ ಗಂಡನ ಕಡಿ ತಿರುಗಿದ್ಲು. "ನಲವತ್ತೈದು ವರ್ಷ ನಾ ಕರದ್ರ ಓ ಅಂದಾಂವಲ್ಲ ಈ ಮನುಷಾ. ಆ ಮಿಷಿನ್ನಿಗಿ ಅಂತಾನ?"

ಹೆಂಗಸ್ರು ನಗಿ ತಡಕೊಳ್ಳಾಕ ಬಾಯಾಗ ಸೆರಗು ತುರುಕಿಕೊಂಡ್ರು.

ಆಕಿ ಎದ್ದು ಹೋಗಿ ಗಂಡನ ಕಿವಿಗಿ ಬಾಗಿದ್ಲು. ರೇಷನ್ ಕಾರ್ಡಿನಾಗ ಬರಸೂ ಮುಂದೂ ತನ್ನ ಬಾಯಿಲೆ ಅನ್ನದ ಮಂದಿ ಕಡಿಂದ ಹೇಳಿಸಿದ ಹೆಸರು ಹಿಡದು ಕರದ್ಲು.

"ಶಾಂತಪ್ಪಾ."

ಲಿಂಗ ಹಿಡಿದ ಅವನ ಕೈ ಅಳ್ಳಾಡಲಿಲ್ಲ.

"ಏ ಶಾಂತಪ್ಪಾ, ನಿನಗೇ."

ಗಂಡನ ಹೆಸರು ಹಿಡದು ಕರದ್ರೂ ಆಂವ ಕಣ್ಣು ಕೆಂಪು ಮಾಡಲಿಲ್ಲ. ಗೊಲ್ಲಾಳಮ್ಮ ಇನ್ನೊಂದು ಗಳಿಗಿ ಕಾದ್ಲು. ಆಮ್ಯಾಲೆ ನೆಟ್ಟಗಾಗಿ, ಗೋಡಿ ಕಡಿ ಸರದು ನಿಂತ್ಲು.

"ಒಯ್ರಿ."

ಹೆಣ ಕೂಡಿಸಿ ಒಯ್ಯೋ ಬಿದಿರಿನ ವಿಮಾನಕ್ಕ ಮೊದಲ ಹಸನಸಾಬ ಹೆಗಲು ಕೊಟ್ಟ. ಅವನ್ನ ನೋಡಿ ರೇವಣಸಿದ್ದ ಕೊಟ್ಟ, ಅವನ್ನ ನೋಡಿ ಬಾಜೂದಾಂವ, ಅವನ್ನ ನೋಡಿ ಆಚೀದಾಂವ. ವಿಮಾನ ಒಂದು ಮೂಲಿ ಎದ್ದು, ವಾಲಿ, ಆಮ್ಯಾಲೆ ಎಲ್ಲಾ ಮೂಲಿ ಎದ್ದು, ಬಿಸಲಾಗ ಹೊಲದ ಕಡಿ ಹೊಂಟಿತು.