ಮಂಡಿಯೊಳಗಿನ ಕೆಂಪು

ನಾನು ಒಂದು ಅಲ್ಟ್ರಾಸೌಂಡ್ ಯಂತ್ರ. ಕಿವಿಗೆ ಕೇಳದ ಸದ್ದನ್ನು ಮೈಯೊಳಕ್ಕೆ ಕಳಿಸಿ, ಮರಳಿ ಬಂದದ್ದನ್ನು ಚಿತ್ರವಾಗಿ ತೋರಿಸುವುದು ನನ್ನ ಕಸುಬು. ಕಾರ್ಖಾನೆಯಲ್ಲಿ ಹುಟ್ಟಿ, ಮರದ ಪೆಟ್ಟಿಗೆಯಲ್ಲಿ ಗದಗಿಗೆ ಬಂದೆ. ಮೊದಲು ಹೆರಿಗೆ ಆಸ್ಪತ್ರೆಯೊಂದರಲ್ಲಿದ್ದೆ. ಹೊಟ್ಟೆಯೊಳಗಿನ ಕೂಸು ಆಕಳಿಸುವುದನ್ನು ತೋರಿಸಿ ಎಷ್ಟೋ ತಾಯಂದಿರನ್ನು ನಗಿಸಿದೆ. ಅಲ್ಲಿಗೆ ಹೊಸ ಯಂತ್ರ ಬಂದಾಗ ವೈದ್ಯಕೀಯ ಕಾಲೇಜಿನ ಡಾಕ್ಟರ್ ವತ್ಸಲಾ ಕಡಕೋಳ ನನ್ನನ್ನು ಕೊಂಡೊಯ್ದರು. ಮಂಡಿ ಸವೆದವರಲ್ಲಿ ಕೀಲಿನ ಉರಿಯೂತಕ್ಕೂ ನೋವಿಗೂ ಎಷ್ಟು ನಂಟು ಎಂದು ಅವರು ಅಧ್ಯಯನ ಮಾಡುತ್ತಿದ್ದರು.

ಕೂಸುಗಳನ್ನು ಬಿಟ್ಟು ಮಂಡಿಗಳಿಗೆ ಇಳಿದೆನಲ್ಲ ಎಂದು ಬೇಸರವಿತ್ತು. ಅದನ್ನು ಕಳೆದವರು ದ್ಯಾಮವ್ವ.

ದ್ಯಾಮವ್ವ ತಂಗಿ ಗಿರಿಜವ್ವನ ಜೊತೆ ಖಾನಾವಳಿ ನಡೆಸುತ್ತಿದ್ದರು. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು ಅಕ್ಕನ ಕೆಲಸ. ಈಚೆಗೆ ಕೂತರೆ ಏಳಲಾಗುತ್ತಿರಲಿಲ್ಲ. ತಂಗಿಯೇ ಡಾಕ್ಟರ ಬಳಿ ಕರೆತಂದಳು.

“ಎಕ್ಸ್‌ರೇದಾಗ ಅಂಥಾದ್ದೇನಿಲ್ಲ ಅಂದಾರ್ರೀ. ಈಕಿಗೆ ಕೆಲಸ ಬ್ಯಾಸರಾಗೇತಿ” ಎಂದಳು ಗಿರಿಜವ್ವ. ದ್ಯಾಮವ್ವ ಪರೀಕ್ಷೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಡಾಕ್ಟರು ಜೆಲ್ ಹಚ್ಚಿ ನನ್ನನ್ನು ಮಂಡಿಗೆ ತಾಗಿಸಿದರು. ಕೀಲಿನ ಒಳಪೊರೆ ದಪ್ಪಗಾಗಿತ್ತು, ನೀರು ತುಂಬಿತ್ತು. ರಕ್ತದ ಓಟ ತೋರಿಸುವ ಗುಂಡಿ ಒತ್ತಿದಾಗ ನನ್ನ ಪರದೆಯ ಮೇಲೆ ಕೆಂಪು ಚುಕ್ಕೆಗಳು ಮಿನುಗಿದವು.

“ಇದೇನ್ರಿ ಕೆಂಪಗ?” ಎಂದಳು ಗಿರಿಜವ್ವ.

“ಉರಿಯೂತ. ಎಕ್ಸ್‌ರೇ ಎಲುಬು ತೋರಸ್ತೈತಿ, ಇದನ್ನ ತೋರಸೂದಿಲ್ಲ.”

ಗಿರಿಜವ್ವ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. ಆಮೇಲೆ ಅಕ್ಕನ ಮಂಡಿಯ ಜೆಲ್ಲನ್ನು ತನ್ನ ಸೆರಗಿನಿಂದಲೇ ಒರೆಸತೊಡಗಿದಳು.

“ಬಿಡ, ಸೀರಿ ಹೊಲಸ ಆಕ್ಕೈತಿ” ಎಂದರು ದ್ಯಾಮವ್ವ.

“ಆಗ್ಲಿ. ದಿನಾ ನಿನ್ನ ಬೈದೆನಲ್ಲ ಅಕ್ಕಾ.”

“ಬೈದಿ. ಮಂಡಿಗೆ ಎಣ್ಣಿ ತಿಕ್ಕಾಕಿನೂ ನೀನ.”

ಡಾಕ್ಟರು ನೀರು ತೆಗೆದು ಚುಚ್ಚುಮದ್ದು ಕೊಟ್ಟರು, ವ್ಯಾಯಾಮ ಕಲಿಸಿದರು. ಗಿರಿಜವ್ವ ಒಲೆಯನ್ನು ಕಟ್ಟೆಯ ಮೇಲೇರಿಸಿ ಅಕ್ಕನಿಗೆ ಸ್ಟೂಲು ಹಾಕಿಕೊಟ್ಟಳು. ಮತ್ತೆ ಬಂದಾಗ ಆ ಕೆಂಪು ಬಹುಪಾಲು ಆರಿತ್ತು. ನಾನು ಹಿಗ್ಗಿದೆ.

“ಕಮ್ಮಿ ಆಗೇತ್ರಿ. ಆದ್ರ ಇನ್ನೂ ನೋಯ್ತೈತಿ” ಎಂದರು ದ್ಯಾಮವ್ವ.

ನಾನು ತಬ್ಬಿಬ್ಬಾದೆ. ಗಿರಿಜವ್ವ ಈ ಸಲ ನನ್ನತ್ತ ನೋಡಲೂ ಇಲ್ಲ.

“ಆಕಿ ಐತಿ ಅಂದ್ರ ಐತ್ರಿ. ಬರಕೋರಿ.”

ಡಾಕ್ಟರು ಬರೆದುಕೊಂಡರು.

ಈಗ ನನಗೆ ವಯಸ್ಸಾಗಿದೆ, ಪರದೆ ಮಸುಕಾಗಿದೆ. ಕಾಲೇಜಿನ ಕೋಣೆಯೊಂದರ ಮೂಲೆಯಲ್ಲಿದ್ದೇನೆ. ವಿದ್ಯಾರ್ಥಿಗಳು ಒಬ್ಬರ ಮಂಡಿ ಒಬ್ಬರು ನೋಡಿ ಕಲಿಯುತ್ತಾರೆ. ಮೊನ್ನೆ ಆಟದಲ್ಲಿ ಬಿದ್ದ ಗೆಳತಿಯ ಮಂಡಿ ನೋಡಿ ಒಬ್ಬ, “ಏನೂ ಇಲ್ಲ” ಎಂದ.

“ಪರದೆ ಮ್ಯಾಲೆ ಏನೂ ಇಲ್ಲ ಅನ್ನು” ಎಂದರು ವತ್ಸಲಾ. “ಈಗ ಆಕೀನ್ನ ಕೇಳು.”

ಅವನು ನನ್ನಿಂದ ಮುಖ ತಿರುಗಿಸಿ ಅವಳನ್ನು ಕೇಳಿದ. ನನಗೆ ಚೂರೂ ಬೇಸರವಾಗಲಿಲ್ಲ.