ಕಳ್ಳಿಬೇಲಿಯ ಸಂದಿ

ಒಡೆದ ಬಾಟಲಿಗಳನ್ನು ಬಣ್ಣ ನೋಡಿ ಬೇರೆ ಮಾಡುವುದು ನನ್ನ ಕೆಲಸ. ಶಾಲೆ ಬಿಟ್ಟ ಮೇಲೆ ಹೆಬ್ರಾನಿನ ನಮ್ಮ ಗಾಜಿನ ಕುಲುಮೆಯ ಅಂಗಳದಲ್ಲಿ ಒಂದು ಮೂಲೆ ನನ್ನದಾಯಿತು. ಅಲ್ಲಿ ಕೂತರೆ ಎಲ್ಲರೂ ಕಾಣುತ್ತಾರೆ, ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ನನಗದು ಹಿತ.

ಆ ಚಳಿಗಾಲ ಹಸಿರು ಗಾಜು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ರಾಮಲ್ಲಾದ ಕಲಾವಿದೆ ಲಮೀಸಕ್ಕ ಅಪ್ಪನ ಕೈಲಿ ಗಾಜಿನ ಪಾಪಾಸುಕಳ್ಳಿ ಬೇಲಿ ಮಾಡಿಸುತ್ತಿದ್ದಳು. ನಲವತ್ತೆಂಟರ ಯುದ್ಧದಲ್ಲಿ ನಮ್ಮ ಜನರನ್ನು ಓಡಿಸಿ ಮನೆಗಳನ್ನು ಕೆಡವಿದ ಊರುಗಳಲ್ಲಿ ಈಗಲೂ ಚಿಗುರುವುದು ಆ ಕಳ್ಳಿಯೇ. ಅಜ್ಜಿಯ ಊರೂ ಅಂಥದ್ದು. ಅಜ್ಜಿ ಹೇಳಿದ್ದನ್ನು ಕೇಳಿಯೇ ಲಮೀಸಕ್ಕ ಚಿತ್ರ ಬರೆದಿದ್ದಳು. ಅಜ್ಜಿ ಮುಟ್ಟಿ ನೋಡಿ, ಇದು ನಮ್ಮದೇ ಅನ್ನುವವರೆಗೆ ಬೇಲಿ ಪ್ರದರ್ಶನಕ್ಕೆ ಹೋಗುವುದಿಲ್ಲ ಎಂದೂ ಹೇಳಿದ್ದಳು.

ಅಪ್ಪ ಗಾಜನ್ನು ಊದಿ, ಬಿಸಿಯಿರುವಾಗಲೇ ಎರಡು ಒದ್ದೆ ಹಲಗೆಗಳ ನಡುವೆ ಒತ್ತಿ ಎಲೆ ಮಾಡುತ್ತಿದ್ದ. ಆಮೇಲೆ ಇಕ್ಕಳದಲ್ಲಿ ಎಳೆದೆಳೆದು ಮುಳ್ಳು. ಜೀವಮಾನವೆಲ್ಲ ನುಣುಪು ಮಾಡಿದವನಿಗೆ ಚುಚ್ಚುವುದನ್ನು ಮಾಡುವ ಕರ್ಮ ಎಂದು ಗೊಣಗುತ್ತಿದ್ದ.

ಎಲ್ಲ ಮುಗಿದ ದಿನ ಅಂಗಳದಲ್ಲಿ ಹಗ್ಗ ಕಟ್ಟಿ ಎಲೆಗಳನ್ನು ಒತ್ತೊತ್ತಾಗಿ, ನೆಲ ಮುಟ್ಟುವಷ್ಟು ಇಳಿಬಿಟ್ಟರು. ಅಜ್ಜಿಗೆ ಕಣ್ಣು ಮಂಜು. ನಾನು ಕೈಹಿಡಿದು ಕರೆತಂದು ಬಿಟ್ಟು ನನ್ನ ಮೂಲೆಗೆ ಹೋದೆ.

"ಶುಕ್ರಿ, ಮುಳ್ಳು ಚೆನ್ನಾಗ್ ಬಂದಿದೆ ಕಣೋ. ಹೆಂಡ್ತಿ ನಾಲಿಗೆ ನೋಡಿ ಮಾಡಿದ್ಯಾ?" ಅಂದಳು ಅಜ್ಜಿ, ಅಪ್ಪನಿಗೆ.

ಚಹಾ ತರುತ್ತಿದ್ದ ಅಮ್ಮ, ಅಳತೆ ತೆಗೆದದ್ದು ಅತ್ತೆಯ ನಾಲಿಗೆಯದು ಅಂದಳು. ಎಲ್ಲರೂ ನಕ್ಕರು. ಆದರೆ ಲಮೀಸಕ್ಕ ಕಾಯುತ್ತಿದ್ದ ಮಾತು ಮಾತ್ರ ಬರಲಿಲ್ಲ.

ಅಜ್ಜಿಯ ಕೈ ಬೇಲಿಯ ಈ ತುದಿಯಿಂದ ಆ ತುದಿಗೆ ಹೋಯಿತು, ತಿರುಗಿ ಬಂತು. ಬಣ್ಣ ಸರಿಯಿಲ್ಲವೇ, ಎಲೆ ದಪ್ಪವಾಯಿತೇ ಎಂದು ಲಮೀಸಕ್ಕ ಕೇಳಿದಳು. ಚೆನ್ನಾಗಿದೆ ಮಗಳೇ ಅಂದಳು ಅಜ್ಜಿ, ಬೇರೆಯವರ ಮನೆಯ ಉಪ್ಪಿಲ್ಲದ ಸಾರನ್ನು ಹೊಗಳುವ ದನಿಯಲ್ಲಿ. ಲಮೀಸಕ್ಕನ ಮುಖ ಸಣ್ಣದಾಯಿತು. ಅಪ್ಪ ಇಕ್ಕಳ ಕೆಳಗಿಟ್ಟ.

ಅಜ್ಜಿಯ ಕೈ ಮೊಣಕಾಲಿನ ಎತ್ತರದಲ್ಲೇ ತಡಕುತ್ತಿದ್ದುದನ್ನು ನಾನು ಕಂಡೆ. ಏನು ಹುಡುಕುತ್ತಿದ್ದಾಳೆಂದು ಗೊತ್ತಾಯಿತು. ಬೇಳೆ ಆರಿಸುವಾಗ ಅದನ್ನು ನನಗೊಬ್ಬಳಿಗೇ ಹೇಳಿದ್ದಳು.

"ಸಂದಿ ಇಲ್ಲ," ಅಂದೆ. ಯಾರಿಗೂ ಕೇಳಿಸಲಿಲ್ಲ. ಎದ್ದು ನಿಂತು ಇನ್ನೊಮ್ಮೆ ಅಂದೆ. "ಚಿಕ್ಕೋಳಿದ್ದಾಗ ಅಜ್ಜಿ ಪಕ್ಕದ ಮನೆ ಗೆಳತಿ ಜಲೀಲಾ ಹತ್ರ ನುಸೀತಿದ್ದ ಸಂದಿ. ಅದಿಲ್ಲ."

ಎಲ್ಲರೂ ತಿರುಗಿದರು. ಲಮೀಸಕ್ಕ ಮೆಲ್ಲಗೆ, ಸಂದಿ ಬಿಟ್ಟರೆ ನೋಡುವವರು ಒಂದೆರಡು ಎಲೆ ಬಿದ್ದು ಒಡೆದಿವೆ ಅಂದುಕೊಳ್ಳುತ್ತಾರೆ, ಬೇಲಿಯೆಂದರೆ ಮುಚ್ಚಿರಬೇಕಲ್ಲ ಅಂದಳು.

"ಸಂದಿ ಇಲ್ದೇ ಇರೋದು ನಮ್ಮನ್ನ ಓಡಿಸಿದೋರು ಕಟ್ಟಿರೋ ಗೋಡೆ, ಮಗಳೇ," ಅಂದಳು ಅಜ್ಜಿ. "ನಮ್ದು ಬೇಲಿ. ಕತ್ತೆ ಬರಬಾರ್ದು, ಜಲೀಲಾ ಬರ್ಬೇಕು."

ಲಮೀಸಕ್ಕ ಕೆಳಗೆ ಕೂತು, ಅಜ್ಜಿಯ ಕೈ ನಿಂತಿದ್ದ ಕಡೆ ಮೂರು ಎಲೆಗಳನ್ನು ತಾನೇ ಬಿಚ್ಚಿದಳು.

ಅಜ್ಜಿ ಬಗ್ಗಿ ಕೈಯನ್ನು ಆ ಸಂದಿಯಲ್ಲಿ ತೂರಿಸಿದಳು. ಅಂಗೈ ಮೇಲೆ ಮಾಡಿ ಹಾಗೇ ಇಟ್ಟುಕೊಂಡಳು. ಜಲೀಲಾ ಜೋರ್ಡಾನಿನ ನಿರಾಶ್ರಿತರ ಶಿಬಿರದಲ್ಲಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆ ಕಡೆ ಯಾರೂ ಇರಲಿಲ್ಲ. ನಾನು ಸುತ್ತಿಕೊಂಡು ಹೋಗಿ, ಗಾಜು ಕೊಯ್ದು ಒರಟಾದ ನನ್ನ ಕೈಯನ್ನು ಅವಳ ಅಂಗೈಯಲ್ಲಿಟ್ಟೆ.

"ಬರೋಕೆ ಇಷ್ಟು ಹೊತ್ತು ಬೇಕಾ?" ಅಂದಳು. ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಲಮೀಸಕ್ಕನ ಕಡೆ ತಿರುಗಿ, "ಹೂಂ, ನಮ್ದೇ," ಅಂದಳು.

ಬಿಚ್ಚಿದ ಎಲೆಗಳನ್ನು ಅಪ್ಪ ನನ್ನ ಒಡಕು ಗಾಜಿನ ಬುಟ್ಟಿಗೆ ಹಾಕಿದ, ಬೇಕೆಂದೇ ಮೇಲಿನಿಂದ, ಚೂರಾಗುವ ಹಾಗೆ. ಹಾಗೇ ಬಿಟ್ಟರೆ ಲಮೀಸ್ ಮನಸ್ಸು ಬದಲಾಯಿಸಿ ಮತ್ತೆ ಕಟ್ಟಿಬಿಡುತ್ತಾಳೆ ಎಂದು ನನಗಷ್ಟೇ ಕೇಳುವಂತೆ ಗೊಣಗಿದ.