ಸೋಮವಾರದ ಉಸಿರು

ಕಾವೂರಿನ ಒಂದು ಪ್ರಯೋಗಾಲಯದಲ್ಲಿ ಗಿರಿಯಪ್ಪನಿಗೆ ದಿನವಿಡೀ ಇಲಿಗಳದ್ದೇ ಸಂಗ. ಗಾಜಿನ ಪೆಟ್ಟಿಗೆಯೊಳಗೆ ಅವುಗಳಿಗೆ ಪೇಂಟಿನ ದ್ರಾವಕಗಳ ಆವಿ ಕುಡಿಸುವುದು, ಹೊರತೆಗೆದು ಗೂಡಿಗೆ ಹಾಕುವುದು, ಹಿಕ್ಕೆ ಬಳಿಯುವುದು. ಮಾತಾಡಲು ಜನ ಇಲ್ಲ. ಉರ್ವದ ಬಾಡಿಗೆ ಕೋಣೆಯಲ್ಲೂ ಈಗ ಹಾಗೆಯೇ. ಪೇಂಟ್ ಕಾರ್ಖಾನೆಯಲ್ಲಿ ಡ್ರಮ್ ತೊಳೆಯುವ ಹೆಂಡತಿ ಮೋಹಿನಿ ಬಂದವಳೇ ತಲೆಗೆ ಬಟ್ಟೆ ಬಿಗಿದು ಬೇರೆ ಚಾಪೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಒಂದೇ ಆವಿ ಕುಡಿದ ಇಲಿಗಳ ಗೂಡಿನಲ್ಲಿ ಬೆಳಿಗ್ಗೆ ಬರೀ ಇಲಿ ವಾಸನೆ. ಎರಡು ದ್ರಾವಕಗಳ ಆವಿಯನ್ನು ಒಟ್ಟಿಗೆ ಕುಡಿದವುಗಳ ಗೂಡಿನಲ್ಲಿ ಮರುದಿನವೂ ಥಿನ್ನರ್ ಘಾಟು.

"ಇದು ಎಂತಕ್ಕೆ ಮೇಡಂ?" ಪ್ರಯೋಗ ನಡೆಸುತ್ತಿದ್ದ ಶಶಿಪ್ರಭಾ ಅವರನ್ನು ಗಿರಿಯಪ್ಪ ಕೇಳಿದ.

"ಎರಡನ್ನೂ ಕರಗಿಸುವುದು ಒಂದೇ ಲಿವರ್ ಅಲ್ವಾ ಗಿರಿಯಪ್ಪ? ಒಟ್ಟಿಗೆ ಬಂದರೆ ಒಂದಕ್ಕೊಂದು ಅಡ್ಡ ನಿಲ್ತದೆ. ಎರಡೂ ರಕ್ತದಲ್ಲೇ ಹೆಚ್ಚು ಹೊತ್ತು ಉಳೀತದೆ. ಇಲಿಯಲ್ಲಿ ಹೀಗೆ. ಮನುಷ್ಯರಲ್ಲಿ ಎಷ್ಟು ಅಂತ ನನಗೆ ಹೇಳ್ಲಿಕ್ಕಾಗುವುದಿಲ್ಲ."

ಭಾನುವಾರ ಕಾರ್ಖಾನೆಗೆ ರಜೆ. ಸಂಜೆ ಚಾ ಕೊಡಲು ಬಾಗಿದ ಮೋಹಿನಿಯ ಉಸಿರಿನಲ್ಲಿ ಅದೇ ಘಾಟು!

"ನೀವೆಲ್ಲ ಡ್ರಮ್ ತೊಳೆಯುವುದು ಎಂತದರಲ್ಲಿ?"

"ಎರಡು ಥಿನ್ನರ್ ಉಂಟು. ಕೆಲಸ ಬೇಗ ಆಗ್ಲಿ ಅಂತ ಬೆರೆಸಿ ಕೊಡ್ತಾರೆ. ಎಂತಕ್ಕೆ?"

ಅವನು ಇಲಿಗಳ ಸಂಗತಿ ಹೇಳಿದ.

"ನಾನು ಬೇರೆ ಮಲಗಿದ್ದು ನಿಮಗೆ ಈ ವಾಸನೆ ಬರಬಾರದು ಅಂತ," ಎಂದಳು.

ಸೋಮವಾರ ಇಬ್ಬರೂ ಕಾರ್ಖಾನೆಯ ಗೇಟಿಗೆ ಹೋದರು. ಮ್ಯಾನೇಜರ್ ಜಯಪಾಲ ಇಲಿಗಳ ಸಂಗತಿ ಕೇಳಿ ನಕ್ಕರು.

"ಗಾಳಿ ಅಳತೆ ಮಾಡಿಸಿದ್ದೇವೆ. ಬೇರೆ ಬೇರೆ ನೋಡಿದ್ರೆ ಎರಡೂ ಮಿತಿಯೊಳಗೆ ಉಂಟು."

"ಒಟ್ಟಿಗೆ ನೋಡಿದ್ದೀರಾ ಸರ್?"

"ನೀನು ಇಲಿ ಸಾಕುವವ. ನಮ್ಮ ಹೆಂಗಸರು ಇಲಿಗಳಾ ಮಾರಾಯ?"

ಗೇಟಿನಲ್ಲಿ ಸೇರಿದ್ದ ಅಷ್ಟು ಕೆಲಸದವರ ನಡುವೆ ಗಿರಿಯಪ್ಪನಿಗೆ ತಾನೊಬ್ಬನೇ ನಿಂತಂತಾಯಿತು.

ಮೋಹಿನಿ ತನ್ನ ಜೊತೆ ಡ್ರಮ್ ತೊಳೆಯುವ ಐಸಮ್ಮನ ಕಡೆ ತಿರುಗಿದಳು. "ಐಸಮ್ಮ, ನನ್ನ ಮುಖಕ್ಕೆ ಒಮ್ಮೆ ಊದಿ."

"ಯಾಕೆ, ನಾನು ಕುಡಿದು ಬಂದಿದ್ದೇನಾ? ನೀನು ಎಂತ ಪೊಲೀಸಾ?" ಐಸಮ್ಮ ನಗುತ್ತಾ ಊದಿದಳು. ಮೋಹಿನಿ ತಿರುಗಿ ಅವಳ ಮುಖಕ್ಕೆ ಊದಿದಳು. ಐಸಮ್ಮನ ನಗು ನಿಂತಿತು.

"ಅಲ್ಲಾ, ಥಿನ್ನರ್ ವಾಸನೆ! ನಿನ್ನೆ ರಜೆಯಲ್ವಾ!"

ಗೇಟಿನಲ್ಲಿದ್ದ ಹೆಂಗಸರು ಒಬ್ಬರ ಮುಖಕ್ಕೆ ಒಬ್ಬರು ಊದತೊಡಗಿದರು. ಸೈರನ್ ಕೂಗಿತು.

"ನಡೀರಿ ಒಳಗೆ! ಎಂತ ವಾಸನೆಯೂ ಇಲ್ಲ," ಜಯಪಾಲ ಗದರಿದರು.

ಮೋಹಿನಿ ಅವರ ಎದುರು ಹೋಗಿ ನಿಂತು ಎದೆತುಂಬ ಗಾಳಿ ಎಳೆದು ಮೆಲ್ಲನೆ ಬಿಟ್ಟಳು. ಜಯಪಾಲ ಹಿಂದೆ ಸರಿದು ಕರವಸ್ತ್ರವನ್ನು ಮೂಗಿಗೆ ಹಿಡಿದರು.

ಎಲ್ಲರೂ ನೋಡಿದರು. ಯಾರೂ ಒಳಗೆ ಹೋಗಲಿಲ್ಲ.